ಹಳೆಯ ಗ್ರಾಫ್‌ಗೆ ಹೊಸ ಸರಣಿ: ಫ್ಯಾನ್ ವೇಗದ ರೇಖೆ ಬೆಟ್ಟವಾದದ್ದೇಕೆ?

ಪ್ರಶ್ನೆ: ನಮ್ಮ ಸರ್ವರ್‌ನ ಒಳಗಿನ ತಾಪಮಾನವನ್ನು ಒಂದು ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ದಾಖಲಿಸುತ್ತದೆ, ರೀಡಿಂಗ್‌ಗಳನ್ನು ಸಂಗ್ರಹಿಸಿ ಗ್ರಾಫ್ ಮಾಡುವ ಆರ್‌ಆರ್‌ಡಿಟೂಲ್ ಎಂಬ ಸಲಕರಣೆ ಅದರ ಗ್ರಾಫನ್ನು ತಾನಾಗಿಯೇ ಬರೆಯುತ್ತದೆ. ಅದೇ ಗ್ರಾಫ್‌ಗೆ ಫ್ಯಾನ್ ವೇಗವನ್ನೂ ಸೇರಿಸಲು ಹೊರಟೆ. ಮೊದಲು ಗ್ರಾಫ್ ಕಮಾಂಡ್‌ಗೆ ಒಂದು ಸಾಲು ಸೇರಿಸಿದಾಗ, ಆ ಹೆಸರಿನ ದತ್ತಾಂಶದ ಮೂಲವೇ ಫೈಲ್‌ನಲ್ಲಿ ಇಲ್ಲ ಎಂಬ ದೋಷ ಬಂತು. ಆಮೇಲೆ ನೆಟ್‌ವರ್ಕ್ ಗ್ರಾಫ್‌ನ ಸಂರಚನೆಯನ್ನು ನಕಲು ಮಾಡಿ ಹೊಸ ಮೂಲವನ್ನು ಫೈಲ್‌ಗೆ ಸೇರಿಸಿದೆ. ಆ ರಾತ್ರಿ ಎರಡು ಗಂಟೆ ಕಾಲ ತಾಪಮಾನವೂ ದಾಖಲಾಗಲಿಲ್ಲ. ಈಗ ಹೊಸ ರೇಖೆ ತಳಕ್ಕೆ ಅಂಟಿಕೊಂಡಿದೆ, ಆಗಾಗ ಅದರಲ್ಲಿ 14 ಮಿಲಿಯನ್ ಮುಟ್ಟುವ ಬೆಟ್ಟಗಳು ಏಳುತ್ತವೆ, ತಾಪಮಾನದ ರೇಖೆ ಕಾಣುವುದೇ ಇಲ್ಲ. ಕಳೆದ ಎಂಟು ತಿಂಗಳ ಫ್ಯಾನ್ ವೇಗ ಒಂದು ಪಠ್ಯ ಫೈಲ್‌ನಲ್ಲಿ ಕಾಲು ಗಂಟೆಗೊಂದರಂತೆ ಇದೆ. ಅದನ್ನೂ ಗ್ರಾಫ್‌ಗೆ ತರಬಹುದೇ? ಮುಂದೆ ಇನ್ನೂ ಹನ್ನೊಂದು ಫ್ಯಾನ್‌ಗಳನ್ನು ಸೇರಿಸಬೇಕಾಗಿದೆ.

ಉತ್ತರ: ನೀವು ಕಂಡ ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಕಾರಣಗಳನ್ನು ಬಹುಮಟ್ಟಿಗೆ ಇಲ್ಲಿಂದಲೇ ಹೇಳಬಹುದು. 14 ಮಿಲಿಯನ್ ಎಂಬ ಆ ಒಂದು ಸಂಖ್ಯೆಯಂತೂ ಬೆಟ್ಟದ ಗುಟ್ಟನ್ನು ಪೂರ್ತಿಯಾಗಿ ಬಿಟ್ಟುಕೊಡುತ್ತದೆ.

ಗ್ರಾಫ್ ಬರೆಯುವ ಇತರ ಸಲಕರಣೆಗಳಿಗೂ ಆರ್‌ಆರ್‌ಡಿಟೂಲ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಉಳಿದ ಬಹುತೇಕ ಸಲಕರಣೆಗಳು ಕೊಟ್ಟ ಸಂಖ್ಯೆಗಳನ್ನು ಹಾಗೆಯೇ ಬಿಂದುಗಳನ್ನಾಗಿ ಬರೆಯುತ್ತವೆ. ಟೋಬಿಯಾಸ್ ಎಟಿಕರ್ 1999ರಲ್ಲಿ ಹೊರತಂದ ಈ ಸಲಕರಣೆ ಮಾತ್ರ ಸಂಖ್ಯೆಯನ್ನು ಒಳಗೆ ಬಿಟ್ಟುಕೊಳ್ಳುವಾಗಲೇ, ನೀವು ಮೊದಲೇ ಘೋಷಿಸಿದ ವಿಧಕ್ಕೆ ತಕ್ಕಂತೆ ಅದನ್ನು ಪರಿವರ್ತಿಸಿ, ನಿಗದಿತ ಕಾಲದ ಅಂತರಗಳಿಗೆ ಹೊಂದಿಸಿ, ಆಮೇಲೆ ಫೈಲ್‌ನಲ್ಲಿ ಇಡುತ್ತದೆ. ಆದ್ದರಿಂದ ಹೊಸ ಸರಣಿಯನ್ನು ಸೇರಿಸುವ ಕೆಲಸ ಮೂರು ಜಾಗಗಳಲ್ಲಿ ನಡೆಯಬೇಕು: ಸಂಗ್ರಹದ ಫೈಲ್‌ನಲ್ಲಿ, ಅದಕ್ಕೆ ರೀಡಿಂಗ್ ತುಂಬುವ ಸ್ಕ್ರಿಪ್ಟ್‌ನಲ್ಲಿ, ಕೊನೆಗೆ ಗ್ರಾಫ್ ಕಮಾಂಡ್‌ನಲ್ಲಿ. ನೀವು ಕೊನೆಯದರಿಂದ ಆರಂಭಿಸಿದಿರಿ. ಫೈಲ್‌ನಲ್ಲಿ ಇಲ್ಲದ ಮೂಲವನ್ನು ಬರೆಯಲಾಗದೆ ಅದು ದೋಷ ತೋರಿಸಿತು. ಆ ದೋಷದಿಂದ ಯಾವ ಹಾನಿಯೂ ಆಗಿಲ್ಲ.

ಹಾನಿಯಾದದ್ದು ಎರಡನೆಯ ಹೆಜ್ಜೆಯಲ್ಲಿ. ನೆಟ್‌ವರ್ಕ್ ಗ್ರಾಫ್‌ನ ಸಾಲನ್ನು ನಕಲು ಮಾಡಿದಾಗ ಅದರಲ್ಲಿದ್ದ 'ಕೌಂಟರ್' ಎಂಬ ವಿಧವೂ ಜೊತೆಗೆ ಬಂತು. ನೆಟ್‌ವರ್ಕ್ ಸಾಧನ ಕೊಡುವ ಸಂಖ್ಯೆ ಏರುತ್ತಲೇ ಹೋಗುವ ಒಟ್ಟು ಲೆಕ್ಕ. ವಿದ್ಯುತ್ ಮೀಟರ್‌ನ ಹಾಗೆ, ಹಿಂದಿನ ರೀಡಿಂಗನ್ನು ಈಗಿನದರಿಂದ ಕಳೆದು ಕಾಲದಿಂದ ಭಾಗಿಸಿದರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಫ್ಯಾನ್ ವೇಗ ಹಾಗಲ್ಲ, ಅದು ಆ ಕ್ಷಣದ ಸ್ಥಿತಿ. ತಾಪಮಾನದಂತೆಯೇ ಅದರ ವಿಧ, ವ್ಯತ್ಯಾಸ ತೆಗೆಯದೆ ಬೆಲೆಯನ್ನೇ ಇಡುವ 'ಗೇಜ್' ಆಗಿರಬೇಕು.

ಒಳಗೆ ಏನಾಯಿತೆಂಬುದನ್ನು ಸಂಖ್ಯೆಗಳಲ್ಲಿಯೇ ನೋಡೋಣ. ಫ್ಯಾನ್ 1200 ಸುತ್ತಿನಿಂದ 1260ಕ್ಕೆ ಏರಿತು ಎನ್ನಿ. ಕೌಂಟರ್ ವಿಧ 60ನ್ನು 300 ಸೆಕೆಂಡಿನಿಂದ ಭಾಗಿಸಿ 0.2 ಎಂದು ಬರೆದಿಡುತ್ತದೆ. ತಳಕ್ಕೆ ಅಂಟಿದ ರೇಖೆ ಇದೇ. ಮುಂದಿನ ಸಲ ವೇಗ 1260ರಿಂದ ಮತ್ತೆ 1200ಕ್ಕೆ ಇಳಿದಾಗ, ಒಟ್ಟು ಲೆಕ್ಕ ಎಂದೂ ಇಳಿಯುವುದಿಲ್ಲವೆಂದು ನಂಬಿರುವ ಸಲಕರಣೆ, 32 ಬಿಟ್‌ಗಳ ಮೀಟರ್ ತುಂಬಿ ಸೊನ್ನೆಯಿಂದ ಮತ್ತೆ ಆರಂಭವಾಗಿರಬೇಕೆಂದು ಭಾವಿಸಿ, ವ್ಯತ್ಯಾಸಕ್ಕೆ 4294967296ನ್ನು ಕೂಡಿಸುತ್ತದೆ. ಬಂದ ಮೊತ್ತವನ್ನು 300ರಿಂದ ಭಾಗಿಸಿದರೆ ಸುಮಾರು 1 ಕೋಟಿ 43 ಲಕ್ಷ. ನಿಮ್ಮ ಅಕ್ಷದ ಮೇಲೆ ಕಂಡ 14 ಮಿಲಿಯನ್ ಅದೇ. ಫ್ಯಾನ್ ಪ್ರತಿ ಸಲ ನಿಧಾನವಾದಾಗಲೂ ಒಂದು ಬೆಟ್ಟ ಎದ್ದಿದೆ, ಆ ಬೆಟ್ಟಕ್ಕೆ ಜಾಗ ಕೊಡಲು ಎಡ ಅಕ್ಷ ಹಿಗ್ಗಿದೆ, 30 ಡಿಗ್ರಿಯ ತಾಪಮಾನ ಆ ಅಳತೆಯಲ್ಲಿ ನೆಲಕ್ಕೆ ಒತ್ತಿಹೋಗಿದೆ. ಈ ಬೆಟ್ಟಗಳಿಂದ ತಾಪಮಾನದ ದತ್ತಾಂಶಕ್ಕೆ ಏನೂ ಆಗಿಲ್ಲ, ಆ ಬಗ್ಗೆ ನಿಶ್ಚಿಂತರಾಗಿರಿ.

ಮೂಲವನ್ನು ಘೋಷಿಸುವಾಗ ಗರಿಷ್ಠ ಮಿತಿಯನ್ನು 5000 ಎಂದು ಕೊಟ್ಟಿದ್ದರೆ ಈ ಬೆಟ್ಟಗಳಲ್ಲಿ ಒಂದೂ ಒಳಗೆ ಬರುತ್ತಿರಲಿಲ್ಲ. ಮಿತಿ ಮೀರಿದ ಬೆಲೆಯನ್ನು ಆರ್‌ಆರ್‌ಡಿಟೂಲ್ 'ಅಜ್ಞಾತ' ಎಂದು ಬರೆದುಕೊಳ್ಳುತ್ತದೆ, ಗ್ರಾಫ್‌ನಲ್ಲಿ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಕನಿಷ್ಠ, ಗರಿಷ್ಠಗಳ ಜಾಗದಲ್ಲಿ ಮಿತಿಯಿಲ್ಲವೆಂಬ 'ಯು' ಅಕ್ಷರವನ್ನು ಹಾಕಿ ಮುಂದೆ ಹೋಗುವ ಅಭ್ಯಾಸ ಬಹಳ ಕಡೆ ಇದೆ. ಅದನ್ನು ಬಿಡಬೇಕೆಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ, ಏಕೆಂದರೆ ಈ ಸಲಕರಣೆಯಲ್ಲಿ ತಪ್ಪು ಬೆಲೆಯನ್ನು ಬಾಗಿಲಲ್ಲೇ ತಡೆಯುವ ಕಾವಲು ಅದೊಂದೇ.

ರಾತ್ರಿಯ ಎರಡು ಗಂಟೆಗಳ ಕಥೆ ಬೇರೆ. ಫೈಲ್‌ನಲ್ಲಿ ಎರಡು ಮೂಲಗಳಾದ ಕ್ಷಣದಿಂದ ಪ್ರತಿ ಅಪ್‌ಡೇಟ್‌ನಲ್ಲಿಯೂ ಎರಡು ಬೆಲೆಗಳಿರಬೇಕೆಂದು ಆರ್‌ಆರ್‌ಡಿಟೂಲ್ ನಿರೀಕ್ಷಿಸುತ್ತದೆ. ನಿಮ್ಮ ಹಳೆಯ ಸ್ಕ್ರಿಪ್ಟ್ ತಾಪಮಾನವೊಂದನ್ನೇ ಕಳುಹಿಸುತ್ತಿತ್ತು. ಎರಡು ರೀಡಿಂಗ್ ಬೇಕಿತ್ತು, ಒಂದೇ ಸಿಕ್ಕಿತು ಎಂಬ ದೋಷದೊಂದಿಗೆ ಇಡೀ ಅಪ್‌ಡೇಟ್ ತಿರಸ್ಕೃತವಾಯಿತು. ನಿಗದಿತ ಹೊತ್ತಿಗೆ ಸ್ಕ್ರಿಪ್ಟ್‌ಗಳನ್ನು ತಾನಾಗಿ ಓಡಿಸುವ ಕ್ರಾನ್‌ನಿಂದ ನಡೆಯುವ ಕೆಲಸದ ದೋಷಗಳನ್ನು ಯಾರೂ ಆಗಿಂದಾಗ್ಗೆ ನೋಡುತ್ತಾ ಕೂರುವುದಿಲ್ಲವಾದ್ದರಿಂದ, ನೀವು ಗಮನಿಸುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಆ ರೀಡಿಂಗ್‌ಗಳನ್ನು ಬೇರೆಲ್ಲೂ ಬರೆದಿಟ್ಟಿರದಿದ್ದರೆ ಅವು ಮರಳಿ ಬರುವುದಿಲ್ಲ.

ಇದಕ್ಕೆ ಪರಿಹಾರ, ಅಪ್‌ಡೇಟ್ ಕಮಾಂಡ್‌ನಲ್ಲಿ 'ಟೆಂಪ್ಲೇಟ್' ಆಯ್ಕೆಯನ್ನು ಬಳಸಿ ಯಾವ ಬೆಲೆ ಯಾವ ಮೂಲಕ್ಕೆ ಸೇರಿದ್ದೆಂದು ಹೆಸರು ಹಿಡಿದು ಹೇಳುವುದು. ಆಗ ಹೆಸರಿಸದ ಮೂಲ ಅಜ್ಞಾತವಾಗಿ ಉಳಿಯುತ್ತದೆ, ಹೆಸರಿಸಿದ್ದು ದಾಖಲಾಗುತ್ತದೆ. ಹೆಸರಿಲ್ಲದೆ ಕಳುಹಿಸಿದರೆ ಬೆಲೆಗಳು ಫೈಲ್‌ನಲ್ಲಿರುವ ಕ್ರಮದಲ್ಲಿಯೇ ಹಂಚಿಕೆಯಾಗುತ್ತವೆ. ಕ್ರಮ ತಪ್ಪಿದರೆ ತಾಪಮಾನ ಫ್ಯಾನ್‌ನ ಜಾಗಕ್ಕೂ ಫ್ಯಾನ್ ತಾಪಮಾನದ ಜಾಗಕ್ಕೂ ಹೋಗುತ್ತವೆ, ದೋಷ ಸಂದೇಶ ಬರುವುದಿಲ್ಲ. ಮೂಲಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರೂ ಫೈಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಿಂದ ಮಾತ್ರ ಆಗಿರಬೇಕು, 19 ಅಕ್ಷರಗಳನ್ನು ಮೀರಬಾರದು.

ಈಗ ನನ್ನ ಮುಖ್ಯ ಸಲಹೆಗೆ ಬರುತ್ತೇನೆ: ಫ್ಯಾನ್ ವೇಗವನ್ನು ತಾಪಮಾನದ ಫೈಲ್‌ಗೆ ಸೇರಿಸಲೇಬೇಡಿ. ಅದಕ್ಕೆ ತನ್ನದೇ ಫೈಲ್ ಇರಲಿ. ಒಂದು ಗ್ರಾಫ್ ಎಷ್ಟು ಫೈಲ್‌ಗಳಿಂದ ಬೇಕಾದರೂ ಸರಣಿಗಳನ್ನು ತೆಗೆದುಕೊಳ್ಳಬಲ್ಲದು. ಗ್ರಾಫ್ ಕಮಾಂಡ್‌ನಲ್ಲಿ ಸರಣಿಯನ್ನು ಎಲ್ಲಿಂದ ತರಬೇಕೆಂದು ಹೇಳುವ ಪ್ರತಿ 'ಡೆಫ್' ಸಾಲಿನಲ್ಲಿಯೂ ಫೈಲ್‌ನ ಹೆಸರನ್ನು ಬೇರೆಯಾಗಿ ಕೊಡಬೇಕಾಗಿರುವುದು ಇದಕ್ಕೆಂದೇ. ಸರಣಿಗಳನ್ನು ಚಿತ್ರದಲ್ಲಿ ಒಂದುಗೂಡಿಸಿ, ಸಂಗ್ರಹದಲ್ಲಿ ಬೇರೆಬೇರೆ ಇಡಿ. 2015ರಲ್ಲಿ ಬಂದ 1.5ನೆಯ ಆವೃತ್ತಿಯಿಂದೀಚೆಗೆ 'ಟ್ಯೂನ್' ಕಮಾಂಡ್ ಹಳೆಯ ಫೈಲ್‌ಗೆ ಹೊಸ ಮೂಲವನ್ನು ನೇರವಾಗಿ ಸೇರಿಸುತ್ತದೆ, ಬೇಡವಾದದ್ದನ್ನು ತೆಗೆಯುತ್ತದೆ. ಅದಕ್ಕೂ ಮೊದಲು ಇಡೀ ಫೈಲನ್ನು 'ಡಂಪ್' ಮಾಡಿ ಎಕ್ಸ್‌ಎಂಎಲ್ ಪಠ್ಯವಾಗಿಸಿ, ತಿದ್ದಿ, 'ರಿಸ್ಟೋರ್' ಮಾಡಬೇಕಾಗಿತ್ತು. ಸೌಲಭ್ಯ ಈಗ ಇದೆ ಎಂಬುದು ನಿಜವಾದರೂ ಬೇರೆ ಫೈಲ್‌ನ ಪರವಾಗಿ ನನಗೆ ಬಲವಾದ ಕಾರಣಗಳಿವೆ.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಒಂದು ಫೈಲ್‌ಗೆ ಒಂದೇ ಗಡಿಯಾರ. ಹಿಂದಿನ ಅಪ್‌ಡೇಟ್‌ಗಿಂತ ಕನಿಷ್ಠ ಒಂದು ಸೆಕೆಂಡಾದರೂ ಮುಂದಿನ ಕಾಲವಿಲ್ಲದಿದ್ದರೆ ಹೊಸ ಅಪ್‌ಡೇಟನ್ನು ಅದು ಸ್ವೀಕರಿಸುವುದಿಲ್ಲ. ತಾಪಮಾನದ ಸ್ಕ್ರಿಪ್ಟ್ ಐದನೆಯ ನಿಮಿಷದ ಆರಂಭಕ್ಕೂ ಫ್ಯಾನ್‌ನ ಸ್ಕ್ರಿಪ್ಟ್ ಅದಾದ 40 ಸೆಕೆಂಡುಗಳ ನಂತರವೂ ಒಂದೇ ಫೈಲ್‌ಗೆ ಬರೆಯುತ್ತವೆ ಎಂದುಕೊಳ್ಳಿ, ಟೆಂಪ್ಲೇಟನ್ನೂ ಸರಿಯಾಗಿ ಬಳಸಿವೆ. ತಾಪಮಾನ ಬರೆದಾಗ ಅದರ ಹಿಂದಿನ 260 ಸೆಕೆಂಡು ಫ್ಯಾನ್‌ನ ಪಾಲಿಗೆ ಅಜ್ಞಾತವೆಂದು ದಾಖಲಾಗುತ್ತದೆ; ಫ್ಯಾನ್ ಬರೆದಾಗ ಕೊನೆಯ 40 ಸೆಕೆಂಡಷ್ಟೇ ಅದಕ್ಕೆ ಸಿಗುತ್ತದೆ. 300 ಸೆಕೆಂಡಿನ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ಅಜ್ಞಾತವಾದರೆ ಇಡೀ ಅಂತರ ಅಜ್ಞಾತ. ಪರಿಣಾಮವಾಗಿ ತಾಪಮಾನದ ರೇಖೆ ಚೆನ್ನಾಗಿ ಬರುತ್ತದೆ, ಫ್ಯಾನ್‌ನ ರೇಖೆ ಮೂಡುವುದೇ ಇಲ್ಲ, ಎಲ್ಲ ಕಮಾಂಡ್‌ಗಳೂ ಯಶಸ್ವಿಯಾದವೆಂದೇ ತೋರುತ್ತದೆ. ಇಂಥ ಮೌನ ದೋಷದ ಹಿಂದೆ ನಾನೇ ಮೂರು ದಿನ ಅಲೆದದ್ದುಂಟು. ಬೇರೆ ಫೈಲ್‌ಗಳಾದರೆ ಪ್ರತಿಯೊಂದೂ ತನ್ನ ಹೊತ್ತಿಗೆ ತಾನು ತುಂಬಿಕೊಳ್ಳುತ್ತದೆ.

ಎರಡನೆಯ ಕಾರಣ ನಿಮ್ಮ ಎಂಟು ತಿಂಗಳ ಪಠ್ಯ ಫೈಲ್. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೂರನೆಯದು ಜಾಗ: ಐದು ನಿಮಿಷದ ವಿವರವನ್ನು ಒಂದು ವರ್ಷ ಇಡಲು 105120 ಸಾಲುಗಳು ಬೇಕು, ಪ್ರತಿ ಬೆಲೆಗೆ 8 ಬೈಟ್‌ನಂತೆ ಒಂದು ಸರಣಿಗೆ ಸುಮಾರು 8.4 ಲಕ್ಷ ಬೈಟ್. ಒಂದೇ ಫೈಲ್‌ನಲ್ಲಿಟ್ಟರೂ ಹನ್ನೆರಡು ಫೈಲ್‌ಗಳಲ್ಲಿಟ್ಟರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಉಳಿತಾಯದ ವಾದಕ್ಕೆ ಹುರುಳಿಲ್ಲ.

ಹಾಗಾಗಿ ಈಗ ಮಾಡಬೇಕಾದದ್ದು ಇಷ್ಟು. ಸ್ಕ್ರಿಪ್ಟನ್ನು ನಿಲ್ಲಿಸಿ, ತಾಪಮಾನದ ಫೈಲ್‌ನ ಒಂದು ಪ್ರತಿಯನ್ನು ತೆಗೆದಿಡಿ. ಜೊತೆಗೆ ಒಂದು ಡಂಪ್ ಕೂಡ ಇರಲಿ. ಆರ್‌ಆರ್‌ಡಿಟೂಲ್‌ನ ಫೈಲ್ ಒಂದು ಬಗೆಯ ಯಂತ್ರದಿಂದ ಇನ್ನೊಂದಕ್ಕೆ ಹೋದಾಗ ತೆರೆಯದೆ ಇರಬಹುದು, ಎಕ್ಸ್‌ಎಂಎಲ್ ಎಲ್ಲಿಯೂ ತೆರೆಯುತ್ತದೆ. ಅನಂತರ ಟ್ಯೂನ್ ಕಮಾಂಡ್‌ನಿಂದ ಆ ಫೈಲ್‌ನಲ್ಲಿರುವ ಫ್ಯಾನ್ ಮೂಲವನ್ನು ತೆಗೆದುಹಾಕಿ. ವಿಧವನ್ನಷ್ಟೇ ಗೇಜ್‌ಗೆ ಬದಲಿಸಿದರೂ ಹಿಂದೆ ಬರೆದ 0.2ಗಳೂ ಬೆಟ್ಟಗಳೂ ಹಾಗೆಯೇ ಉಳಿಯುತ್ತವೆ, ಅವುಗಳಿಂದ ನಿಜವಾದ ವೇಗವನ್ನು ಮರಳಿ ಪಡೆಯುವ ದಾರಿಯಿಲ್ಲ. ಫೈಲ್‌ನಲ್ಲಿ ಏನೇನಿದೆ ಎಂದು ತೋರಿಸುವ 'ಇನ್ಫೋ' ಕಮಾಂಡ್ ಓಡಿಸಿ, ತಾಪಮಾನವೊಂದೇ ಉಳಿದಿದೆಯೆಂದು ಖಚಿತಪಡಿಸಿಕೊಂಡು ಹಳೆಯ ಸ್ಕ್ರಿಪ್ಟನ್ನು ಮತ್ತೆ ಚಾಲೂ ಮಾಡಿ. ಇಷ್ಟಾದ ಮೇಲೆ ಫ್ಯಾನ್‌ಗೆ ಹೊಸ ಫೈಲ್ ಸೃಷ್ಟಿಸಿ: ವಿಧ ಗೇಜ್, ಕನಿಷ್ಠ 0, ಗರಿಷ್ಠ 5000. ಫೈಲ್‌ನ ಹೆಸರನ್ನು ಟೈಪ್ ಮಾಡುವಾಗ ಎಚ್ಚರವಿರಲಿ. ಅದೇ ಹೆಸರಿನ ಫೈಲ್ ಈಗಾಗಲೇ ಇದ್ದರೆ 'ಕ್ರಿಯೇಟ್' ಕಮಾಂಡ್ ಕೇಳದೆಯೇ ಅದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. 'ನೋ ಓವರ್‌ರೈಟ್' ಆಯ್ಕೆ ಕೊಟ್ಟರೆ ಮಾತ್ರ ತಡೆಯುತ್ತದೆ.

ಹೊಸ ಫೈಲ್‌ನಲ್ಲಿ ಹಲವು ರೀಡಿಂಗ್‌ಗಳ ಸರಾಸರಿಯನ್ನು ಇಡುವ ಸಂಗ್ರಹದ ಜೊತೆಗೆ ಅವುಗಳ ಕನಿಷ್ಠ ಬೆಲೆಯನ್ನು ಇಡುವ ಸಂಗ್ರಹವೊಂದನ್ನೂ ಮಾಡಿ. ಗ್ರಾಫ್‌ನ ಅಗಲವನ್ನು ಬದಲಿಸದಿದ್ದರೆ ಅದು 400 ಪಿಕ್ಸೆಲ್. ಒಂದು ವರ್ಷವನ್ನು ಅಷ್ಟರಲ್ಲಿ ಬರೆದಾಗ ಒಂದೊಂದು ಪಿಕ್ಸೆಲ್‌ಗೂ ಸುಮಾರು 22 ಗಂಟೆ ಬೀಳುತ್ತದೆ. 1200 ಸುತ್ತು ತಿರುಗುವ ಫ್ಯಾನ್ ಹತ್ತು ನಿಮಿಷ ಪೂರ್ತಿ ನಿಂತುಹೋದರೂ ಆ 22 ಗಂಟೆಯ ಸರಾಸರಿ 1191ಕ್ಕೆ ಇಳಿಯುತ್ತದೆ, ಅಷ್ಟೇ. ಯಾರ ಕಣ್ಣಿಗೂ ಬೀಳದು. ಫ್ಯಾನ್ ನಿಂತದ್ದನ್ನು ತಿಳಿಯುವುದಕ್ಕಾಗಿಯೇ ನೀವು ಈ ಸರಣಿಯನ್ನು ಸೇರಿಸುತ್ತಿದ್ದೀರಿ ಎಂದಾದರೆ ದೀರ್ಘಾವಧಿಯ ಗ್ರಾಫ್‌ನಲ್ಲಿ ಬರೆಯಬೇಕಾದದ್ದು ಕನಿಷ್ಠ ಬೆಲೆಯನ್ನು. ತಾಪಮಾನಕ್ಕೆ ಇದೇ ತರ್ಕದಿಂದ ಗರಿಷ್ಠ ಬೆಲೆ ಸೂಕ್ತ.

ಬೆಟ್ಟಗಳು ಹೋದ ಮೇಲೂ ಅಕ್ಷದ ತೊಡಕು ಉಳಿದಿರುತ್ತದೆ. 25ರಿಂದ 45ರವರೆಗೆ ಓಡಾಡುವ ತಾಪಮಾನ, 1000ದಿಂದ 1800ರವರೆಗಿನ ವೇಗದ ಪಕ್ಕದಲ್ಲಿ ಒಂದು ಸಪಾಟು ಗೆರೆಯಾಗಿಯೇ ಕಾಣುತ್ತದೆ. ಆರ್‌ಆರ್‌ಡಿಟೂಲ್‌ನ ಬಲ ಅಕ್ಷವನ್ನು ಬಳಸಿದರೆ ಇದು ಸರಿಹೋಗುತ್ತದೆ, ಆದರೆ ಒಂದು ಸಂಗತಿಯನ್ನು ತಿಳಿದಿರಬೇಕು: ಆ ಅಕ್ಷ ಕೇವಲ ಅಂಕಿಗಳ ಪಟ್ಟಿ. ಎಡ ಅಕ್ಷದ ಅಂಕಿಯನ್ನು ನೀವು ಕೊಟ್ಟ ಗುಣಕದಿಂದ ಗುಣಿಸಿ, ಕೊಟ್ಟ ಸಂಖ್ಯೆಯನ್ನು ಕೂಡಿಸಿ ಬಲಗಡೆ ಬರೆಯುತ್ತದೆ, ರೇಖೆಯನ್ನು ತಾನಾಗಿ ಕುಗ್ಗಿಸುವುದಿಲ್ಲ. ಕುಗ್ಗಿಸುವ ಕೆಲಸ ನಿಮ್ಮದು. ಸರಣಿಯ ಮೇಲೆ ಲೆಕ್ಕ ಮಾಡುವ ಒಂದು 'ಸಿಡೆಫ್' ಸಾಲಿನಲ್ಲಿ ಫ್ಯಾನ್ ವೇಗವನ್ನು 40ರಿಂದ ಭಾಗಿಸಿ, ಬಂದದ್ದನ್ನು ರೇಖೆಯಾಗಿ ಬರೆಯಿರಿ. ಬಲ ಅಕ್ಷಕ್ಕೆ ಗುಣಕ 40, ಕೂಡಿಸುವ ಸಂಖ್ಯೆ 0 ಎಂದು ಕೊಡಿ. ಆಗ ಎಡಗಡೆಯ 25ರ ಎದುರಿಗೆ ಬಲಗಡೆ 1000, 45ರ ಎದುರಿಗೆ 1800 ಬರುತ್ತವೆ. ಗ್ರಾಫ್‌ನ ಕೆಳಗೆ ಅಂಕಿ ಮುದ್ರಿಸುವಾಗ ಮಾತ್ರ ಭಾಗಿಸುವ ಮುನ್ನಿನ ಮೂಲ ಸರಣಿಯನ್ನೇ ಬಳಸಬೇಕು, ಇಲ್ಲವಾದರೆ ಫ್ಯಾನ್ ವೇಗ 30 ಎಂದು ಅಚ್ಚಾಗುತ್ತದೆ.

ಎರಡು ಅಕ್ಷಗಳ ಗ್ರಾಫನ್ನು ಓದುವವರಿಗೆ ಒಂದು ಅಪಾಯ ಕಾದಿರುತ್ತದೆ. ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಆಮದು, ರಫ್ತುಗಳನ್ನು ಒಂದೇ ಚಿತ್ರದಲ್ಲಿ ಎರಡು ರೇಖೆಗಳಾಗಿ ಬರೆದರು. ಎರಡೂ ಹಣದ ಅಳತೆಯಲ್ಲಿದ್ದುದರಿಂದ ನಡುವಿನ ಅಂತರವೇ ವ್ಯಾಪಾರದ ಲಾಭನಷ್ಟವನ್ನು ಹೇಳುತ್ತಿತ್ತು, ರೇಖೆಗಳು ಒಂದನ್ನೊಂದು ದಾಟಿದ ಬಿಂದುವಿಗೆ ನಿಜವಾದ ಅರ್ಥವಿತ್ತು. ನಿಮ್ಮ ಗ್ರಾಫ್‌ನಲ್ಲಿ ತಾಪಮಾನವೂ ಫ್ಯಾನ್ ವೇಗವೂ ಎಲ್ಲಿ ದಾಟುತ್ತವೆ ಎಂಬುದು ನೀವು ಆರಿಸಿದ 40 ಎಂಬ ಸಂಖ್ಯೆಯನ್ನು ಅವಲಂಬಿಸಿದೆ. 50 ಎಂದು ಆರಿಸಿದ್ದರೆ ಬೇರೆಲ್ಲೋ ದಾಟುತ್ತಿದ್ದವು. ಏರಿಳಿತಗಳ ಹೊಂದಾಣಿಕೆಯನ್ನು ಮಾತ್ರ ಇಲ್ಲಿ ಓದಬೇಕು. ಈ ಗ್ರಾಫನ್ನು ನಿಮ್ಮ ಹೊರತಾಗಿ ಇತರರೂ ನೋಡುವುದಾದರೆ, ಒಂದೇ ಕಾಲಾವಧಿಯ ಎರಡು ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಡುವುದನ್ನೇ ನಾನು ಇಷ್ಟಪಡುತ್ತೇನೆ.

ಹನ್ನೆರಡು ಫ್ಯಾನ್‌ಗಳಾದಾಗ ಗ್ರಾಫ್ ಕಮಾಂಡನ್ನು ಕೈಯಿಂದ ತಿದ್ದುವುದನ್ನು ಬಿಟ್ಟುಬಿಡಿ. ಸರಣಿಗೊಂದು ಸಾಲಿನಂತೆ ಹೆಸರು, ಫೈಲ್, ಮೂಲ, ಬಣ್ಣ, ಭಾಜಕ ಇಷ್ಟನ್ನೂ ಬರೆದ ಒಂದು ಪಟ್ಟಿಯಿಂದ ಸ್ಕ್ರಿಪ್ಟೇ ಕಮಾಂಡನ್ನು ಕಟ್ಟಲಿ. ಬಣ್ಣ ಪಟ್ಟಿಯಲ್ಲಿಯೇ ಇರಬೇಕು. ಕ್ರಮಸಂಖ್ಯೆಯ ಪ್ರಕಾರ ಹಂಚಿದರೆ ನಡುವೆ ಒಂದು ಫ್ಯಾನ್ ಸೇರಿದ ದಿನ ಅದರ ಮುಂದಿನವುಗಳ ಬಣ್ಣಗಳೆಲ್ಲ ಸರಿದು, ನಿನ್ನೆಯವರೆಗೆ ಮೂರನೆಯ ಫ್ಯಾನ್ ಎಂದು ಗುರುತಿಸುತ್ತಿದ್ದ ನೀಲಿ ಇಂದು ನಾಲ್ಕನೆಯದಾಗಿರುತ್ತದೆ. ಕೆಂಪು, ಹಸಿರುಗಳನ್ನು ಜೋಡಿಯಾಗಿ ಬಳಸದಿರಿ, ಅವೆರಡನ್ನು ಬೇರ್ಪಡಿಸಿ ಕಾಣಲಾಗದವರು ಸಾಕಷ್ಟಿದ್ದಾರೆ. ಇಷ್ಟಾದರೂ ಹನ್ನೆರಡು ರೇಖೆಗಳ ಗೋಜಲನ್ನು ಯಾರೂ ಓದಲಾರರು. ಎಲ್ಲ ಫ್ಯಾನ್‌ಗಳಲ್ಲಿ ಆ ಕ್ಷಣಕ್ಕೆ ಅತಿ ನಿಧಾನವಾದದ್ದರ ವೇಗವನ್ನು ಸಿಡೆಫ್‌ನಲ್ಲಿ ಲೆಕ್ಕ ಹಾಕಿ, ಅದೊಂದನ್ನೇ ಮುಖ್ಯ ಗ್ರಾಫ್‌ನಲ್ಲಿ ಬರೆಯಿರಿ. ಬಿಡಿಬಿಡಿ ಗ್ರಾಫ್‌ಗಳು ಬೇರೆ ಪುಟದಲ್ಲಿರಲಿ. ಈ ಲೆಕ್ಕಕ್ಕೆ 'ಮಿನ್' ಬಳಸಿದರೆ ಒಂದು ಫ್ಯಾನ್‌ನ ರೀಡಿಂಗ್ ಅಜ್ಞಾತವಾದಾಗ ಉತ್ತರವೂ ಅಜ್ಞಾತವಾಗುತ್ತದೆ, 'ಮಿನ್‌ನ್ಯಾನ್' ಅಜ್ಞಾತವನ್ನು ಬದಿಗಿಟ್ಟು ಉಳಿದದ್ದನ್ನು ಕೊಡುತ್ತದೆ.

ಇನ್ನು ಪಠ್ಯ ಫೈಲ್. ಅದನ್ನು ಖಂಡಿತ ತರಬಹುದು, ಆದರೆ ಹೊಸ ಫೈಲ್‌ಗೆ ಇಂದಿನ ಒಂದೇ ಒಂದು ರೀಡಿಂಗ್ ಬೀಳುವ ಮೊದಲೇ ತರಬೇಕು. ಆರ್‌ಆರ್‌ಡಿಟೂಲ್‌ನ ಕಾಲ ಹಿಂದಕ್ಕೆ ಹೋಗುವುದಿಲ್ಲ. ಇಂದಿನದು ಬಿದ್ದ ಮೇಲೆ ಹಳೆಯವುಗಳಲ್ಲಿ ಒಂದನ್ನೂ ಅದು ಒಳಗೆ ಬಿಡದು. ತಾಪಮಾನದ ಫೈಲ್‌ಗೇ ಫ್ಯಾನನ್ನು ಸೇರಿಸಿದ್ದರೆ ಈ ದಾರಿ ಮುಚ್ಚಿಹೋಗುತ್ತಿತ್ತು, ಮೇಲೆ ಹೇಳಿದ ಎರಡನೆಯ ಕಾರಣ ಇದು. ಫೈಲನ್ನು ಸೃಷ್ಟಿಸುವಾಗ 'ಸ್ಟಾರ್ಟ್' ಆಯ್ಕೆಯಲ್ಲಿ ಪಠ್ಯದ ಮೊದಲ ರೀಡಿಂಗ್‌ಗಿಂತ ಹಿಂದಿನ ಕಾಲವನ್ನು ಕೊಡಿ. ಕೊಡದಿದ್ದರೆ ಅದು ಈಗಿನಿಂದ ಹತ್ತು ಸೆಕೆಂಡು ಹಿಂದೆ ಹುಟ್ಟಿದೆಯೆಂದು ಭಾವಿಸುತ್ತದೆ. ಪಠ್ಯದ ಸಾಲುಗಳನ್ನು ಕಾಲದ ಕ್ರಮದಲ್ಲಿ ಜೋಡಿಸಿ, ಒಂದೇ ಸೆಕೆಂಡಿನ ಎರಡು ಸಾಲುಗಳಿದ್ದರೆ ಒಂದನ್ನು ತೆಗೆದು, ದಿನಾಂಕಗಳನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ ಪರಿವರ್ತಿಸಿ, ಕಾಲ ಮತ್ತು ಬೆಲೆಯ ಜೋಡಿಗಳಾಗಿ ಅಪ್‌ಡೇಟ್‌ಗೆ ಕೊಡುತ್ತಾ ಹೋಗಿ.

ಇಲ್ಲೊಂದು ಬಲೆ ಇದೆ. ರೀಡಿಂಗ್‌ಗಳ ನಡುವೆ ಎಷ್ಟು ಸೆಕೆಂಡಿನ ಅಂತರವನ್ನು ಸಹಿಸಬೇಕೆಂದು ಹೇಳುವ 'ಹಾರ್ಟ್‌ಬೀಟ್' ಐದು ನಿಮಿಷದ ಫೈಲ್‌ಗಳಲ್ಲಿ ಸಾಮಾನ್ಯವಾಗಿ 600 ಇರುತ್ತದೆ. ನಿಮ್ಮ ಪಠ್ಯದ ಅಂತರ 900 ಸೆಕೆಂಡು. ಹಾಗೆಯೇ ತುಂಬಿದರೆ ಎಂಟು ತಿಂಗಳೂ ಅಜ್ಞಾತವಾಗಿ ಬರೆಯಲ್ಪಡುತ್ತವೆ, ಗ್ರಾಫ್ ಖಾಲಿ ಬರುತ್ತದೆ. ಸೃಷ್ಟಿಸುವಾಗ ಹಾರ್ಟ್‌ಬೀಟನ್ನು 1800 ಎಂದು ಇಡಿ, ತುಂಬಿ ಮುಗಿದ ಮೇಲೆ ಟ್ಯೂನ್‌ನಿಂದ 600ಕ್ಕೆ ಇಳಿಸಿ, ಆಮೇಲೆ ಫ್ಯಾನ್‌ನ ಹೊಸ ಸ್ಕ್ರಿಪ್ಟನ್ನು ಚಾಲೂ ಮಾಡಿ.

ಕೊನೆಯದಾಗಿ, ಎರಡೂ ಸರಣಿಗಳು ಬಂದ ಗ್ರಾಫ್‌ನಲ್ಲಿ ಎರಡು ತಿಂಗಳ ಹಿಂದಿನ ಯಾವುದಾದರೂ ಒಂದು ದಿನವನ್ನು ಹಿಗ್ಗಿಸಿ ನೋಡಿ. ತಾಪಮಾನ ಏರಿದ ಸ್ವಲ್ಪ ಹೊತ್ತಿಗೆ ಫ್ಯಾನ್ ವೇಗ ಏರಬೇಕು. ತಾಪಮಾನಕ್ಕಿಂತ ಕೆಲವು ಗಂಟೆ ಮೊದಲೇ ಫ್ಯಾನ್ ಏರಿದ್ದರೆ, ಪಠ್ಯದ ಸ್ಥಳೀಯ ಸಮಯವನ್ನು ಸೆಕೆಂಡುಗಳಾಗಿ ಪರಿವರ್ತಿಸುವಾಗ ಸಮಯವಲಯ ತಪ್ಪಿದೆಯೆಂದು ತಿಳಿಯಿರಿ. ಆಗ ಫ್ಯಾನ್‌ನ ಫೈಲನ್ನು ಅಳಿಸಿ, ಮೊದಲಿನಿಂದ ಮತ್ತೊಮ್ಮೆ ತುಂಬಬೇಕಾಗುತ್ತದೆ. ಸ್ಕ್ರಿಪ್ಟ್ ಆರಂಭವಾದ ದಿನದಿಂದ ಇಲ್ಲಿಯವರೆಗಿನ ಹೊಸ ರೀಡಿಂಗ್‌ಗಳನ್ನು ಅಷ್ಟರಲ್ಲಿ ಕಳೆದುಕೊಳ್ಳದಂತೆ, ಆ ಪಠ್ಯ ಫೈಲ್‌ಗೂ ಬರೆಯುವುದನ್ನು ಇನ್ನೂ ಕೆಲವು ವಾರ ನಿಲ್ಲಿಸಬೇಡಿ.